ಕಿವಿ ಮುಟ್ಟಿದ ಕೈ

ಬಿಸಿ ಅರಗಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಚನ್ನಪಟ್ಟಣದ ನಮ್ಮ ಮನೆಯಲ್ಲಿ ಅಪ್ಪ ಮರದ ಬೊಂಬೆ ಕಡೆದು ಅರಗಿನ ಬಣ್ಣ ಹಚ್ಚುತ್ತಿದ್ದ, ನಾನು ಕಣ್ಣು ಬರೆಯುತ್ತಿದ್ದೆ. ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲು ಮೇಷ್ಟ್ರು ಬಂದರು. ನಾನು ಹುಟ್ಟಿದ್ದನ್ನು ಯಾರೂ ಎಲ್ಲೂ ಬರೆಸಿರಲಿಲ್ಲ. ಅಂಥ ಮಕ್ಕಳು ನೆತ್ತಿಯ ಮೇಲಿಂದ ಕೈ ಹಾಕಿ ಆಚೆ ಕಿವಿ ಮುಟ್ಟಿದರೆ ಶಾಲೆಯ ವಯಸ್ಸಾಯಿತು ಎಂದು ಲೆಕ್ಕ. ನಾನು ಮುಟ್ಟಿದೆ.

"ಎಟುಕ್ತಲ್ಲ, ನಾಳೆಯಿಂದ ಕಳ್ಸಪ್ಪ" ಎಂದರು ಮೇಷ್ಟ್ರು.

"ಅದು ನಮ್ದಲ್ಲ ಸ್ವಾಮಿ. ನೆಂಟರ ಮಗು, ನಾಳೆ ಹೊಂಟೋಯ್ತದೆ" ಎಂದ ಅಪ್ಪ, ಕಡೆಯುವ ಕೈ ನಿಲ್ಲಿಸದೆ.

ಮೇಷ್ಟ್ರು ನನ್ನ ಬಣ್ಣದ ಬೆರಳು ನೋಡಿ, "ನೆಂಟರ ಕೈಲೂ ಗೇಯಿಸ್ತೀಯ, ಬುಡು" ಎಂದು ನಕ್ಕು ಹೋದರು.

ಸಂಜೆ ಒಂದು ಬೊಂಬೆಯ ತಲೆಯ ಮೇಲಿಂದ ಆಚೆ ಕಿವಿ ಮುಟ್ಟಿದ ಕೈ ಬರೆದು ಅಪ್ಪನ ಮುಂದಿಟ್ಟೆ.

"ಇದ್ಯಾರಮ್ಮಿ?" ಎಂದ.

"ನೆಂಟರ ಮಗು" ಎಂದೆ.