ತಗಡಿನಾಚೆ ಕೇಳಿದ ದನಿ

ಅವತ್ತು ಮಾನ್ವಿಯಲ್ಲಿ ನಾಟಕ ಕಂಪನಿಯ ಕಲಾವಿದರೆಲ್ಲ ಪ್ರೇಕ್ಷಕರ ಕುರ್ಚಿಗಳಲ್ಲಿ ಕೂತಿದ್ದರು. ರಂಗದ ಮೇಲೆ ಕೂತವರು, ಕಂಪನಿಯ ನಾಟಕವನ್ನು ಒಮ್ಮೆಯೂ ನೋಡದ ಊರಿನ ಇಬ್ಬರು. ಬಸ್‌ಸ್ಟ್ಯಾಂಡಿನ ಹತ್ತಿರ ಸಿನಿಮಾ ತೋರಿಸುವ ವಿಡಿಯೊ ಪಾರ್ಲರ್ ಶುರುವಾದ ಮೇಲೆ ಥೇಟರಿನ ಮುಂದಿನ ಸಾಲು ಕೂಡ ತುಂಬುತ್ತಿರಲಿಲ್ಲ. ನಾವು ನಾವೇ ಮಾತಾಡಿಕೊಂಡರೆ ಕಂಪನಿಗೆ ಮುಂದಿನ ದಾರಿ ಕಾಣುವುದಿಲ್ಲ, ಒಳಗೆ ಕಾಲಿಡದವರನ್ನೇ ಕೇಳೋಣ ಎಂದು ಮಾಲಕ ಶರಣಯ್ಯನವರು ಆ ಇಬ್ಬರನ್ನು ಮಧ್ಯಾಹ್ನವೇ ಕರೆಸಿದ್ದರು.

ಬಟ್ಟೆ ಅಂಗಡಿಯ ಪರಮಣ್ಣ ಮೊದಲು ಮಾತಾಡಿದ. ಅಳುವ ನಾಟಕ ಸಾಕು, ನಡುನಡುವೆ ಡ್ಯಾನ್ಸ್ ಇಡಬೇಕು, ಹರೆಯದ ಹುಡುಗಿಯರನ್ನು ತರಬೇಕು ಎಂದ.

ಎರಡನೇ ಸಾಲಿನಲ್ಲಿ ಕನಕಮ್ಮ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು. ಲಂಗ ಉಡುವ ವಯಸ್ಸಿಗೇ ಕಂಪನಿ ಸೇರಿದವಳು; ತಲೆಗೆ ಬಣ್ಣ ಹಚ್ಚುವ ಕಾಲ ಬಂದರೂ ನಾಯಕಿ ಅವಳೇ. ಮಾಲಕರು ರಾಯಚೂರಿನ ಹುಡುಗಿಯೊಬ್ಬಳ ಜೊತೆ ಮಾತಾಡಿ ಬಂದಿದ್ದಾರೆಂಬ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಈ ಇಬ್ಬರ ಬಾಯಲ್ಲಿ ಏನು ಬರುತ್ತದೋ, ಅದರ ಮೇಲೆ ಅವಳ ಬಣ್ಣದ ಬದುಕು ನಿಂತಿತ್ತು.

ರಂಗದ ಮೇಲಿದ್ದ ಇನ್ನೊಬ್ಬಳು, ಹೀರಾಬಿ, ನನಗೇನು ತಿಳಿತದ ಎಂದು ಹಿಂಜರಿದಳು. ಥೇಟರಿನ ತಗಡಿನ ಗೋಡೆಗೆ ಹತ್ತಿಯೇ ಅವಳ ಮಿರ್ಚಿ ಬಂಡಿ. ನಾಟಕದ ಹೊತ್ತೇ ಅವಳ ವ್ಯಾಪಾರದ ಹೊತ್ತು.

"ನೋಡಿಲ್ರೀ, ಬರೇ ಕೇಳೀನಿ. ಕೂಸು ಕಳಕೊಂಡು ಅಳ್ತಾಳಲ್ರೀ ಒಬ್ಬಾಕಿ, ಆಕಿ ಸುರು ಮಾಡಿದ್ಳಂದ್ರ ನನ್ನ ಕೈ ಹಿಟ್ಟಿನಾಗೇ ನಿಂದರ್ತದ. ಎಣ್ಣಿಯಾಗಿನ ಮಿರ್ಚಿ ಸೀದು ಹೋಗ್ತಾವ."

ಎಲ್ಲರೂ ನಕ್ಕರು. ಹೀರಾಬಿ ನಗಲಿಲ್ಲ.

"ಇಪ್ಪತ್ತು ತುಂಬಿರಾಕಿಲ್ಲ ಆ ಹುಡುಗಿಗೆ. ಕಂಪನಿದಾಗ ಏನರ ಬದಲು ಮಾಡ್ರಿ, ಆಕಿನ್ನ ಮಾತ್ರ ಕಳಿಸಬ್ಯಾಡ್ರಿ."

ಕನಕಮ್ಮನ ಬೆರಳಿನಿಂದ ಸೆರಗು ಜಾರಿತು. ಕೂಸು ಕಳಕೊಂಡು ಅಳುವ ಆ ಪಾತ್ರ ಅವಳದೇ; ಕಣ್ಣು ತುಂಬಿ ಬಂದವು. ಶರಣಯ್ಯನವರ ಮುಖವೂ ಅರಳಿತ್ತು. ರಂಗದ ಅಂಚಿನಲ್ಲಿ ನಿಂತಿದ್ದವರು ಕೆಳಗಿಳಿದು ಬಂದು ಅವಳ ಕುರ್ಚಿಯ ಬಳಿ ಬಗ್ಗಿದರು.

"ದಾರಿ ಸಿಕ್ತು ನೋಡವ್ವ," ಎಂದರು, ಅವಳೊಬ್ಬಳಿಗೇ ಕೇಳುವಂತೆ. "ರಾಯಚೂರು ಹುಡುಗಿ ಮುಂದ ನಿಂದರಲಿ. ಪರದೆ ಹಿಂದ ನಿನಗೊಂದು ಮೈಕ್ ಹಾಕಿಸ್ತೀನಿ."

ಕನಕಮ್ಮ ರಂಗದ ನಟ್ಟನಡುವನ್ನು ನೋಡುತ್ತ ಕೂತಳು. ಹಗಲಿನಲ್ಲಿ, ಇಷ್ಟು ದೂರದಿಂದ, ತಾನು ನಿಲ್ಲುವ ಜಾಗವನ್ನು ಅವಳು ಎಂದೂ ನೋಡಿರಲಿಲ್ಲ.

ಹೀರಾಬಿ ಮೆಟ್ಟಿಲಿಳಿದು, ಆ ಅಳುವ ಹುಡುಗಿಯನ್ನು ಒಮ್ಮೆ ನೋಡಿ ಹೋಗುತ್ತೇನೆಂದು ಸಾಲುಸಾಲಾಗಿ ಮುಖ ಹುಡುಕುತ್ತ ಬಂದಳು. ಕಣ್ಣು ಒದ್ದೆಯಾಗಿದ್ದ ಕನಕಮ್ಮನ ಮುಂದೆ ನಿಂತಳು.

"ಆಕಿ ನಿಮ್ಮ ಮಗಳೇನ್ರಿ, ಯವ್ವಾ?"

ಕನಕಮ್ಮ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ದನಿಯ ಗುರುತು ಸಿಕ್ಕಿಬಿಡುತ್ತಿತ್ತು. ಹೌದೆಂದು ತಲೆ ಆಡಿಸಿದಳು.