ಅಪ್ಪನ ರಿಮೋಟು

"ಇನ್ಮೇಲೆ ಇದು ನಿಮ್ದೇ, ಅಪ್ಪಾ," ಎಂದು ಮಗಳು ರಿಮೋಟನ್ನು ಅಪ್ಪನ ಎಡ ಅಂಗೈಗೆ ಬಟ್ಟೆಪಟ್ಟಿಯಿಂದ ಕಟ್ಟಿದಳು. ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಮಾತು ಹೋಗಿತ್ತು. ಹೇಳಿದ ಹಾಗೆ ಕೇಳುತ್ತಿದ್ದದ್ದು ಆ ಕೈಯ ಹೆಬ್ಬೆರಳೊಂದೇ. ಅದಕ್ಕೆಂದೇ ಅವಳು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಟಿವಿಗೆ ಜೋಡಿಸಿ, ಎಲ್ಲವೂ ಮೂರೇ ಗುಂಡಿಗಳಲ್ಲಿ ನಡೆಯುವಂತೆ ವಾರವಿಡೀ ಕೂತು ಹೊಂದಿಸಿದ್ದಳು.

ಅಪ್ಪನಿಗೆ ನಗು ಬರಲಿ ಎಂದು ಒಂದು ಹಾಸ್ಯದ ಸಿನಿಮಾ ಹಾಕಿದಳು. ಅಪ್ಪ ಗುಂಡಿ ಒತ್ತಿದರು, ಪರದೆ ಕಪ್ಪಾಯಿತು. ಎಲ್ಲೋ ಎಡವಟ್ಟಾಗಿದೆ ಎಂದುಕೊಂಡು ಅವಳು ಕೇಬಲ್ ಅಲ್ಲಾಡಿಸಿ ಸಿನಿಮಾವನ್ನು ಮತ್ತೆ ಶುರುಮಾಡಿದಳು. ಅದು ಮತ್ತೆ ನಿಂತಿತು.

"ರಿಮೋಟೇ ಸರಿಯಿಲ್ಲ ಅನ್ಸುತ್ತೆ, ತಾಳಿ," ಎಂದು ಪಟ್ಟಿ ಬಿಚ್ಚಲು ಬಗ್ಗಿದಳು. ಅಪ್ಪನ ಹೆಬ್ಬೆರಳು ನಿಲ್ಲಿಸುವ ಗುಂಡಿಯ ಮೇಲೆ ಬಿಗಿಯಾಗಿ ಊರಿತ್ತು. ಕಣ್ಣು ಅವಳ ಮುಖದ ಮೇಲೇ ಇತ್ತು. ಅವಳ ಕೈ ಅಲ್ಲೇ ನಿಂತಿತು. ಊಟ ಯಾವಾಗ, ಯಾವ ಮಗ್ಗುಲಿಗೆ ಮಲಗಿಸಬೇಕು, ಕಿಟಕಿ ತೆರೆಯಬೇಕೋ ಬೇಡವೋ, ಇಷ್ಟು ದಿನ ಎಲ್ಲವನ್ನೂ ತಾನೇ ತೀರ್ಮಾನಿಸಿದ್ದಳು. ಒಮ್ಮೆಯೂ ಅಪ್ಪನನ್ನು ಕೇಳಿರಲಿಲ್ಲ.

ಅವಳು ಮಂಚದ ಪಕ್ಕ ಕುಸಿದು ಕೂತಳು.

"ಬೇಡ್ವಾ, ಅಪ್ಪಾ?"

ಹೆಬ್ಬೆರಳು ಗುಂಡಿಯಿಂದ ಮೆಲ್ಲಗೆ ಮೇಲೆದ್ದಿತು.