ಗೋಡೆಯ ಕಡೆ ಮುಖ

ಸಾಯಲಿರುವ ಹುಡುಗಿ ಟಿ.ವಿ. ಪರದೆಯ ಮೇಲೆ ಆಸ್ಪತ್ರೆಯ ಮಂಚದಿಂದ ಎದ್ದು ನಿಂತು ಎದೆ ತುಂಬಿ ಹಾಡತೊಡಗಿದಾಗ ಸಂಗನಬಸವ ನಕ್ಕುಬಿಟ್ಟ.

"ಏನವ್ವ ಶೈಲಾ, ಸಾಯೋ ರೋಗಿಗೆ ಇಷ್ಟು ದಮ್ಮು ಎಲ್ಲಿಂದ ಬಂತು? ನಮ್ಮಲ್ಲಿ ಸತ್ತವರನ್ನ ಕೂಡ್ರಿಸಿ ಇದ್ದವರು ಹಾಡತೀವಿ. ಇಲ್ಲಿ ಸಾಯೋರ ಹಾಡಾಕತ್ತಾರ, ಇದ್ದವರು ಬಾಯಿ ಮುಚಗೊಂಡು ಕುಂತಾರ!"

ಕೊನೆಯ ಮಾತು ಭಾವ ಬಸವಂತರಾಯನ ಕಿವಿಗೆ ಬೀಳಲೆಂದೇ ತುಸು ಗಟ್ಟಿಯಾಗಿ ಹೇಳಿದ.

ಬಸವಂತರಾಯನ ಮಗಳು ಶೈಲಜಾ ಲಿಂಗಸುಗೂರಿನ ಕಾಲೇಜಿನಲ್ಲಿ ಸಂಗೀತ ಕಲಿಸುವವಳು. ಪರದೆಯ ಮೇಲೆ ನಡೆಯುತ್ತಿದ್ದುದು ಇಟಲಿಯ ಒಪೆರಾ, ಅಂದರೆ ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ. ಅದರ ಚಿತ್ರೀಕರಣವನ್ನು ವಿದ್ಯಾರ್ಥಿಗಳಿಗೆ ತೋರಿಸುವ ಮೊದಲು, ಹಾಡಿಕೆ ಹೇಗಿದೆ, ಆಟ ಕಟ್ಟಿದ ಬಗೆ ಹೇಗಿದೆ ಎಂದು ಅವಳು ಬರೆದುಕೊಡಬೇಕಿತ್ತು. ಭಜನೆಯಲ್ಲೇ ತಲೆ ನರೆತ ತಂದೆಯನ್ನು ಟಿ.ವಿ. ಮುಂದೆ ಕೂರಿಸಿದಳು. ತಬಲಾ ನುಡಿಸುವ ಸೋದರಮಾವ ಸಂಗನಬಸವನನ್ನು ಮಸ್ಕಿಯಿಂದ ಕರೆಸಿದಳು. ಕರೆಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಬರುವ ಸೋಮವಾರ ತಾಯಿ ಅಂಬಮ್ಮನ ವರ್ಷದ ಪುಣ್ಯಸ್ಮರಣೆ. ಊರಿನಲ್ಲಿ ಯಾರೇ ಲಿಂಗೈಕ್ಯರಾದರೂ ಎದುರು ಕುಳಿತು ಹಾಡುತ್ತಿದ್ದ ಬಸವಂತರಾಯ ತನ್ನ ಹೆಂಡತಿಯ ಮುಂದೆ ಮಾತ್ರ ಬಾಯಿ ತೆರೆದಿರಲಿಲ್ಲ. 'ನಮ್ಮ ಅಕ್ಕ ಹಾಡಿಲ್ಲದೆ ಹೋದಳು' ಎಂದು ಅಂಬಮ್ಮನ ತಮ್ಮ ಸಂಗನಬಸವ ಅಂದಿನಿಂದ ಭಾವನೊಡನೆ ಮಾತು ಬಿಟ್ಟಿದ್ದ. ಪುಣ್ಯಸ್ಮರಣೆಗೂ ಬರುವುದಿಲ್ಲವೆಂದು ಹೇಳಿ ಕಳಿಸಿದ್ದ. ಇವತ್ತು ಹೊಸ್ತಿಲು ದಾಟುವಾಗಲೂ, "ಹಾಡಿಗೆ ಬಂದೀನಿ, ಮನಿಗೆ ಬಂದಿಲ್ಲ" ಎಂದು, ಭಾವನ ಪಕ್ಕದ ಕುರ್ಚಿ ಬಿಟ್ಟು ಹಿಂದೆ ಹೋಗಿ ಕುಳಿತ.

"ಮಾಮಾ, ಹಾಡಿಕಿ ಹ್ಯಾಂಗೈತಿ ಹೇಳ್ರಿ."

"ಇವರಿಗೆ ತಾಳ ಹಾಕೋರ ಇಲ್ಲೇನು?"

"ಕೆಳಗ ವಾದ್ಯದವರ ಮುಂದ ಕಡ್ಡಿ ಹಿಡಕೊಂಡು ನಿಂತಾನಲ್ರಿ, ಅವನ."

"ಕಡ್ಡಿ ಬೀಸಿದ್ರ ಸಪ್ಪಳ ಬರತೈತೇನು? ನೊಣ ಹೊಡದಂಗ ಆತು. ನಿಮ್ಮಪ್ಪಗ ಕೇಳು, ಸಪ್ಪಳಿಲ್ಲದ ಹಾಡು ಅವರಿಗೆ ಚೊಲೊ ಗೊತ್ತು."

ಬಸವಂತರಾಯ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮ ಮಾಮಾಗ ಹೇಳವ್ವ," ಎಂದ. "ಆ ಹುಡುಗಿ ಅಷ್ಟು ಮಂದಿಗೆ ಮೈಕಿಲ್ಲದ ಕೇಳಸಾಕತ್ಯಾಳ. ಮ್ಯಾಲಿನ ಸ್ವರ ತುಸು ಬಿರುಸು, ಆದ್ರ ಎಲ್ಲೂ ತಪ್ಪಿಲ್ಲ. ಸಲಾಯಿನ್ ಬಾಟ್ಲಿ, ನರ್ಸಮ್ಮ ಅಂತ ಏನೇನೋ ತಂದಿಟ್ಟಾರ, ಅದು ಜಾಸ್ತಿ ಆತು. ಅದನ್ನ ನೋಡಕೊಂತ ಕುಂತ್ರ ಕೇಳೋದು ತಪ್ಪತೈತಿ. ಇಷ್ಟು ಬರಕೋ."

ಶೈಲಜಾ ಬರೆದುಕೊಂಡಳು. ಪರದೆಯ ಮೇಲೆ ಹುಡುಗಿ ಹಾಡುತ್ತ ಹಾಡುತ್ತ ದಿಂಬಿಗೆ ಒರಗಿ ಪ್ರಾಣ ಬಿಟ್ಟಳು. ಅವಳ ತಂದೆಯ ಪಾತ್ರ ಮಾಡಿದವನು ಆಟದುದ್ದಕ್ಕೂ ಮಾಳಿಗೆ ಹಾರುವಂತೆ ಹಾಡಿದ್ದ ದಪ್ಪ ದನಿಯ ಗಾಯಕ. ಈಗ ಅವನ ಸರದಿಯೆಂದು ಸಂಗನಬಸವ ತೊಡೆಯ ಮೇಲೆ ಬೆರಳಿಟ್ಟು ಕಾದ. ವಾದ್ಯಗಳು ನುಡಿಯುತ್ತಲೇ ಇದ್ದವು. ಗಾಯಕ ಮಗಳನ್ನೂ ನೋಡದೆ, ಜನರನ್ನೂ ನೋಡದೆ, ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟ. ಕ್ಯಾಮೆರಾ ಅವನ ಕರಿಯ ಕೋಟಿನ ಬೆನ್ನನ್ನೇ ತೋರಿಸಿತು. ತೆರೆ ಬಿತ್ತು.

"ಮುಗೀತೇನು?" ಸಂಗನಬಸವನಿಗೆ ಸಿಟ್ಟೇ ಬಂತು. "ಅಂಥಾ ಕಂಠ ಇಟಗೊಂಡು, ಮಗಳು ಹೋದ ಹೊತ್ತಿನ್ಯಾಗ ಗೋಡಿ ನೋಡತಾನ! ಇದು ದೊಡ್ಡ ತಪ್ಪು. ಇದನ್ನ ಮೊದಲ ಬರಕೋ ಶೈಲಾ."

ಶೈಲಜಾ ಬರೆಯಲಿಲ್ಲ. ತಂದೆಯ ಕಡೆ ನೋಡಿದಳು.

"ತಪ್ಪಲ್ಲ," ಎಂದ ಬಸವಂತರಾಯ. "ಹಿಂದಕ್ಕ ಒಯ್ದು ಅವನ ಬೆನ್ನು ತೋರಸು."

ಮತ್ತೆ ಆ ಕರಿಯ ಕೋಟು ಬಂತು.

"ನೋಡು, ಪಕ್ಕೆಲುಬು ಅಗಲ ಆದವು. ಅದು ಅಳೋ ಉಸಿರಲ್ಲ, ಹಾಡಾಕ ತಗೊಳ್ಳೋ ಉಸಿರು. ತಗೊಂಡಾನ, ಬಿಡಾಕ ಬರವಲ್ದು. ನೋಡು, ಮತ್ತ ತಗೊಂಡ." ಬಸವಂತರಾಯನ ದನಿ ಸಣ್ಣದಾಯಿತು. "ಇಡೀ ಆಟದಾಗ ಎಲ್ಲಾರಕಿಂತ ಖರೇ ಮಾಡಿದಾವ ಇವನ. ಹಂಗಂತ ಬರಕೋ."

ತೀರಿಕೊಂಡ ಅಕ್ಕನನ್ನು ಕೂರಿಸಿದ್ದ ದಿನವೂ ಸಂಗನಬಸವ ಭಾವನ ಹಿಂದೆಯೇ ಕುಳಿತಿದ್ದ. ಈಗ ಹಾಡು ಎತ್ತಿಕೊಳ್ಳುತ್ತಾನೆ, ಈಗ ಎತ್ತಿಕೊಳ್ಳುತ್ತಾನೆ ಎಂದು ತಬಲಾ ನುಡಿಸುತ್ತ ಕಾದಿದ್ದ. ಅವನಿಗೆ ಕಂಡದ್ದು ಬಿಳಿ ಅಂಗಿಯ ಬೆನ್ನು ಮಾತ್ರ. ಅದು ಹಿಗ್ಗಿ, ಹಾಗೆಯೇ ನಿಂತು, ಕುಗ್ಗಿ, ಮತ್ತೆ ಹಿಗ್ಗಿದ್ದನ್ನು ಅವನ ಕಣ್ಣು ನೋಡಿತ್ತು. ಮನಸ್ಸು ಅದನ್ನು ಹಟವೆಂದು ತಿಳಿದಿತ್ತು.

ಪರದೆ ಕಪ್ಪಾಯಿತು. ಬಸವಂತರಾಯ ಇನ್ನೂ ಅದನ್ನೇ ನೋಡುತ್ತ ಕುಳಿತಿದ್ದ. ಅಂಗಿಯೊಳಗೆ ಬೆನ್ನು ಹಿಗ್ಗಿತು; ಹಾಗೆಯೇ ನಿಂತಿತು.

ಸಂಗನಬಸವ ಎದ್ದು ಬಂದು ಆ ಬೆನ್ನಿನ ಮೇಲೆ ಅಂಗೈ ಇಟ್ಟ.

"ಸೋಮವಾರ ನಾ ತಬಲಾ ತರತೀನ್ರಿ ಭಾವಾ," ಎಂದ. "ನೀವು ಹಾಡಬ್ಯಾಡ್ರಿ. ಉಸಿರಷ್ಟ ಬಿಡ್ರಿ."